ಇಲ್ಲಿ ಯಾರೂ ಸಾಥಿಗೆ ಕೂತವರಲ್ಲ: ಡೀಪ್ ಪರ್ಪಲ್ ಬ್ಯಾಂಡಿನ ಬದಲಾದ ಮಂದಿ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೊಸದಾಗಿ ಗಿಟಾರ್ ಹಿಡಿದ ಹುಡುಗರು ಒಂದು ವಾರದೊಳಗೆ ಕಲಿತು ಮನೆಮಂದಿಯ ತಲೆ ತಿನ್ನುವ ತುಣುಕು ಒಂದಿದೆ. 'ಸ್ಮೋಕ್ ಆನ್ ದ ವಾಟರ್' ಹಾಡಿನ ಶುರುವಿನ ರಿಫ್ ಅದು, ಅಂದರೆ ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವ ಸಣ್ಣ ಸ್ವರಗುಚ್ಛ. ಯಾರ ಹಾಡಪ್ಪಾ ಅಂದರೆ ಇಂಗ್ಲೆಂಡಿನ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ದು ಅಂತ ಥಟ್ಟನೆ ಹೇಳುತ್ತಾರೆ. ತೊಡಕು ಶುರುವಾಗುವುದು ಆಮೇಲೆ. ಯೂಟ್ಯೂಬಿನಲ್ಲಿ ಹುಡುಕಿದರೆ ಒಂದು ವಿಡಿಯೊದಲ್ಲಿ ಹಾಡುವವನು ಒಬ್ಬ, ಇನ್ನೊಂದರಲ್ಲಿ ಬೇರೆ ಇಬ್ಬರು. ಮತ್ತೊಂದರಲ್ಲಿ ಹಾಡುವವನು ಮೊದಲಿನವನೇ, ಆದರೆ ಗಿಟಾರಿನವನು ಬೇರೆ. ಮೇಲೆ ಬರೆದ ಹೆಸರು ಮಾತ್ರ ಎಲ್ಲದಕ್ಕೂ ಅದೇ. "ಮಾಮಾ, ಇದರಾಗ ಖರೇ ಡೀಪ್ ಪರ್ಪಲ್ ಯಾವುದು?" ಅಂತ ನನ್ನ ಅಕ್ಕನ ಮಗ ಕೇಳಿದ. ಪ್ರಶ್ನೆ ಸಣ್ಣದಲ್ಲ, ಅಮೆರಿಕದ ನ್ಯಾಯಾಲಯದವರೆಗೂ ಹೋಗಿ ಬಂದ ಪ್ರಶ್ನೆ.

ಉತ್ತರಕ್ಕೆ ಮೊದಲು ನಮ್ಮ ಕಡೆಯ ಕಿವಿಯ ಒಂದು ರೂಢಿಯನ್ನು ನೋಡಬೇಕು. ಕುಂದಗೋಳದ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಕೂತು ಹಾಡು ಕೇಳಿದವರಿಗೆ, ಧಾರವಾಡದ ಬೈಠಕ್‌ಗಳಲ್ಲಿ ಬೆಳೆದವರಿಗೆ ಸಂಗೀತ ಅಂದರೆ ಹಾಡುವವರ ಹೆಸರು. ತಬಲಾ ಸಾಥ್ ಯಾರದು, ಹಾರ್ಮೋನಿಯಂ ಸಾಥ್ ಯಾರದು ಅನ್ನುವುದು ಆಮಂತ್ರಣ ಪತ್ರಿಕೆಯ ಕೆಳಗಿನ ಸಾಲು. ಭೀಮಸೇನ ಜೋಶಿಯವರ ಪಕ್ಕದಲ್ಲಿ ತಬಲಾಕ್ಕೆ ಯಾರು ಕೂತರೂ ಅದು ಭೀಮಸೇನರ ಮೈಫಿಲ್. ಇದೇ ಕಿವಿಯನ್ನು ತೆಗೆದುಕೊಂಡು ಹೋಗಿ ರಾಕ್ ಬ್ಯಾಂಡ್ ಕೇಳಿದರೆ, ಹಾಡುವವನನ್ನು ಮುಖ್ಯ ಅಂದುಕೊಳ್ಳುತ್ತೇವೆ, ಉಳಿದವರನ್ನು ಸಾಥಿಗೆ ಕೂಡಿಸುತ್ತೇವೆ. ಡೀಪ್ ಪರ್ಪಲ್ ಅಲ್ಲಿಗೇ ಅರ್ಥವಾಗದೆ ಹೋಗುತ್ತದೆ. ಅಲ್ಲಿ ಸಾಥಿನವರು ಅನ್ನುವ ಪಂಗಡವೇ ಇಲ್ಲ. ಡ್ರಮ್ಸಿನವನೂ ಬೇಸ್ ಗಿಟಾರಿನವನೂ ಹಾಡುವವನಷ್ಟೇ ಹಕ್ಕುದಾರರು, ಹಾಡಿನ ಗಳಿಕೆಯಲ್ಲೂ ಜಗಳದಲ್ಲೂ. ಐವರಲ್ಲಿ ಒಬ್ಬ ಎದ್ದುಹೋದರೆ ನಾದವೇ ಬೇರೆಯಾಗುತ್ತದೆ. ಯಾರು ಎದ್ದರೆ ಏನು ಬದಲಾಯಿತು ಅನ್ನುವುದನ್ನು ಹಿಡಿದುಕೊಂಡರೆ ಈ ಇತಿಹಾಸದ ಗೋಜಲು ಬಿಡಿಸಲು ಬರುತ್ತದೆ.

1968ರಿಂದ ಈಚೆಗೆ ಈ ಹೆಸರಿನಡಿ ನುಡಿಸಿದವರು, ಕೆಲವೇ ತಿಂಗಳಿದ್ದ ಗಿಟಾರಿಸ್ಟ್ ಜೋ ಸಟ್ರಿಯಾನಿಯನ್ನೂ ಸೇರಿಸಿದರೆ, 15 ಮಂದಿ. ಅಷ್ಟೂ ಕಾಲ ಕದಲದೆ ಕೂತವನು ಡ್ರಮ್ಮರ್ ಇಯಾನ್ ಪೇಯ್ಸ್ ಒಬ್ಬನೇ. ಅಭಿಮಾನಿಗಳು ಈ ತಂಡಗಳನ್ನು ಮಾರ್ಕ್ 1, ಮಾರ್ಕ್ 2 ಅಂತ ಎಣಿಸುತ್ತಾರೆ. ಎಣಿಕೆ ಈಗ 9ಕ್ಕೆ ಬಂದು ನಿಂತಿದೆ. ಎಲ್ಲವನ್ನೂ ಬಾಯಿಪಾಠ ಮಾಡುವ ಅಗತ್ಯವಿಲ್ಲ. ಮೊದಲ ನಾಲ್ಕು ತಿಳಿದರೆ ಉಳಿದವು ತಾವಾಗಿ ತಿಳಿಯುತ್ತವೆ.

ಹತ್ತಿ ಇಳಿಯಲೆಂದೇ ಕಟ್ಟಿದ ಬ್ಯಾಂಡು

ಸ್ವಾರಸ್ಯವೆಂದರೆ ಈ ಬ್ಯಾಂಡು ಹುಟ್ಟಿದ್ದೇ ಮಂದಿ ಬದಲಾಗಲಿ ಅನ್ನುವ ಯೋಚನೆಯಿಂದ. 'ದ ಸರ್ಚರ್ಸ್' ಎಂಬ ತಂಡದಲ್ಲಿ ಡ್ರಮ್ಸ್ ನುಡಿಸುತ್ತಿದ್ದ ಕ್ರಿಸ್ ಕರ್ಟಿಸ್ 1967ರಲ್ಲಿ ಲಂಡನ್ನಿನ ಟೋನಿ ಎಡ್ವರ್ಡ್ಸ್ ಎಂಬ ವ್ಯಾಪಾರಿಯ ಬಳಿ ಹೋಗಿ ಒಂದು ಹಂಚಿಕೆ ಹೇಳಿದ. ನಟ್ಟನಡುವೆ ತಾನು, ಸುತ್ತ ಬೇಕಾದಾಗ ಹತ್ತುವ, ಬೇಡವಾದಾಗ ಇಳಿಯುವ ವಾದಕರು. ಅದಕ್ಕೆ ಇಟ್ಟ ಹೆಸರು 'ರೌಂಡ್‌ಅಬೌಟ್', ಮಕ್ಕಳು ಹತ್ತಿ ಇಳಿಯುವ ತಿರುಗುಕುದುರೆಯ ಹೆಸರು. ಎಡ್ವರ್ಡ್ಸ್ ಇನ್ನಿಬ್ಬರನ್ನು ಕೂಡಿಸಿಕೊಂಡು ದುಡ್ಡು ಹಾಕಿದ. ಕರ್ಟಿಸ್ ಕರೆತಂದ ಮೊದಲಿಗರು ಆರ್ಗನ್ ನುಡಿಸುವ ಜಾನ್ ಲಾರ್ಡ್, ಆಗ ಜರ್ಮನಿಯ ಹ್ಯಾಂಬರ್ಗಿನಲ್ಲಿದ್ದ ಗಿಟಾರಿಸ್ಟ್ ರಿಚಿ ಬ್ಲ್ಯಾಕ್‌ಮೋರ್. ಅಷ್ಟರಲ್ಲಿ ತಿರುಗುಕುದುರೆಯಿಂದ ಮೊಟ್ಟಮೊದಲು ಇಳಿದವನು ಕರ್ಟಿಸನೇ. ನಡುವಿನ ಕಂಬವೇ ಇಲ್ಲದಾಯಿತು. ಆಟ ಮಾತ್ರ ನಿಲ್ಲಲಿಲ್ಲ.

ಬೇಸ್ ಗಿಟಾರಿಗೆ ನಿಕ್ ಸಿಂಪರ್ ಬಂದ. ಹಾಡಲು ರಾಡ್ ಇವಾನ್ಸ್ ಬಂದ, ಅವನ ಹಳೆಯ ತಂಡದಿಂದಲೇ ಇಯಾನ್ ಪೇಯ್ಸ್ ಕೂಡ ಬಂದ. 1968ರ ಏಪ್ರಿಲಿನಲ್ಲಿ ಡೆನ್ಮಾರ್ಕಿಗೆ ಹೋಗಿ ಮೊದಲ ಶೋಗಳನ್ನು ಕೊಟ್ಟರು. ಡೀಪ್ ಪರ್ಪಲ್ ಎಂಬ ಹೆಸರು ಬಂದದ್ದು ಬ್ಲ್ಯಾಕ್‌ಮೋರನ ಅಜ್ಜಿಯ ಮೆಚ್ಚಿನ ಹಳೆಯ ಹಾಡೊಂದರಿಂದ. ಅದೇ ವರ್ಷ ಜೋ ಸೌತ್ ಬರೆದ 'ಹಷ್' ಎಂಬ ಹಾಡನ್ನು ಇವರು ನುಡಿಸಿದ್ದು ಅಮೆರಿಕದಲ್ಲಿ 4ನೇ ಸ್ಥಾನಕ್ಕೆ ಏರಿತು. ಸ್ವಂತ ನಾಡಾದ ಇಂಗ್ಲೆಂಡಿನಲ್ಲಿ ಯಾರೂ ಅಷ್ಟಾಗಿ ತಿರುಗಿ ನೋಡಲಿಲ್ಲ.

ಈ ಮೊದಲ ತಂಡದ ಮೂರು ಆಲ್ಬಮ್‌ಗಳನ್ನು ಇವತ್ತು ಕೇಳಿದರೆ ಜಾನ್ ಲಾರ್ಡನ ಕೈ ಮೇಲಿರುವುದು ಗೊತ್ತಾಗುತ್ತದೆ. ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊ ಕಲಿತವನು ಅವನು. ಹಾಡುಗಳ ನಡುವೆ ಆರ್ಗನ್ನಿನ ಉದ್ದುದ್ದ ಆಲಾಪಗಳು, ಹಳೆಯ ಯುರೋಪಿನ ಛಾಯೆ, ಇವಾನ್ಸನ ಮೆತ್ತನೆಯ ದನಿ. ಚಂದವಿದೆ, ಆದರೆ ಬ್ಲ್ಯಾಕ್‌ಮೋರನ ಗಿಟಾರು ಯಾರದೋ ಮನೆಗೆ ಊಟಕ್ಕೆ ಬಂದವರ ಹಾಗೆ ಸಂಕೋಚದಿಂದ ಕೂತಿದೆ. ಅವನಿಗೆ ಬೇಕಾಗಿದ್ದದ್ದು ಜೋರು. ಜೋರಿಗೆ ತಕ್ಕ ದನಿ ಇವಾನ್ಸನದಲ್ಲ.

ಬದಲಾವಣೆ ನಡೆದ ರೀತಿ ಒಳ್ಳೆಯದೇನಲ್ಲ. 1969ರ ಬೇಸಿಗೆಯಲ್ಲಿ 'ಎಪಿಸೋಡ್ ಸಿಕ್ಸ್' ಎಂಬ ತಂಡದ ಗಾಯಕ ಇಯಾನ್ ಗಿಲನ್‌ನನ್ನು ಮಾತಾಡಿಸಿದರು. ಅವನ ಜೊತೆ ಬೇಸ್ ನುಡಿಸುವ ರಾಜರ್ ಗ್ಲೋವರ್ ಕೂಡ ಬಂದ. ಹೊಸಬರ ಜೊತೆ ಗುಟ್ಟಾಗಿ ತಾಲೀಮು ನಡೆಯಿತು, ಒಂದು ಹಾಡಿನ ರೆಕಾರ್ಡಿಂಗ್ ಕೂಡ ಮುಗಿಯಿತು. ಅದೇ ಹೊತ್ತಿಗೆ ಇವಾನ್ಸ್ ಮತ್ತು ಸಿಂಪರ್ ಏನೂ ಗೊತ್ತಿಲ್ಲದೆ ವೇದಿಕೆಯ ಮೇಲೆ ಹಳೆಯ ಹಾಡುಗಳನ್ನು ನುಡಿಸುತ್ತಿದ್ದರು. ಇವಾನ್ಸನ ಹೆಸರು ನೆನಪಿರಲಿ. 11 ವರ್ಷದ ಮೇಲೆ ಅವನು ಮತ್ತೆ ಬರುತ್ತಾನೆ.

ಐದು ಕುರ್ಚಿ, ಐದು ಕೆಲಸ

ಗಿಲನ್, ಗ್ಲೋವರ್, ಲಾರ್ಡ್, ಪೇಯ್ಸ್, ಬ್ಲ್ಯಾಕ್‌ಮೋರ್. ಇದು ಮಾರ್ಕ್ 2. ಜಗತ್ತು ಡೀಪ್ ಪರ್ಪಲ್ ಅಂದಾಗ ಕಣ್ಣಮುಂದೆ ಬರುವುದು ಈ ಐವರು.

ಶುರುವಿಗೆ ಎರಡು ದಾರಿಗಳ ನಡುವೆ ಎಳೆದಾಟವಿತ್ತು. 1969ರ ಸೆಪ್ಟೆಂಬರ್ 24ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ, ಮಾಲ್ಕಂ ಆರ್ನಲ್ಡ್ ನಿರ್ದೇಶನದ ರಾಯಲ್ ಫಿಲ್ಹಾರ್ಮೋನಿಕ್ ಆರ್ಕೆಸ್ಟ್ರಾದ ಜೊತೆ ಲಾರ್ಡ್ ಬರೆದ ಕಾನ್ಸರ್ಟೊ, ಅಂದರೆ ಬ್ಯಾಂಡು ಮತ್ತು ಆರ್ಕೆಸ್ಟ್ರಾ ಕೂಡಿ ನುಡಿಸುವ ದೊಡ್ಡ ರಚನೆ, ನುಡಿಸಿದರು. ಪತ್ರಿಕೆಗಳು ಸುದ್ದಿ ಮಾಡಿದವು. ಬ್ಲ್ಯಾಕ್‌ಮೋರನಿಗೆ ಇದು ಹಿಡಿಸಲಿಲ್ಲ. ಮುಂದಿನ ಆಲ್ಬಮ್ ತನ್ನ ಮನಸ್ಸಿನಂತೆ ಗಟ್ಟಿಯಾಗಿ ಮಾಡೋಣ, ಅದು ಸೋತರೆ ಉಳಿದ ಆಯುಷ್ಯವೆಲ್ಲ ಆರ್ಕೆಸ್ಟ್ರಾ ಜೊತೆ ನುಡಿಸುತ್ತೇನೆ ಅನ್ನುವುದು ಅವನ ಪಂಥ. 1970ರ 'ಇನ್ ರಾಕ್' ಆಲ್ಬಮ್ ಗೆದ್ದಿತು. ಬ್ಯಾಂಡಿನ ದಿಕ್ಕು ಆವತ್ತೇ ತೀರ್ಮಾನವಾಯಿತು.

ಇಲ್ಲಿ ಸ್ವಲ್ಪ ನಿಂತು ಒಬ್ಬೊಬ್ಬರ ಕೆಲಸ ನೋಡಬೇಕು. ಸಾಥ್ ಅಲ್ಲ ಅಂದೆನಲ್ಲ, ಅದರ ಪುರಾವೆ ಇಲ್ಲಿದೆ. ಜಾನ್ ಲಾರ್ಡ್ ತನ್ನ ಹ್ಯಾಮಂಡ್ ಆರ್ಗನ್ನನ್ನು ಗಿಟಾರಿಗೆ ಬಳಸುವ ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿದ. ಚರ್ಚಿನಲ್ಲಿ ಕೇಳುವಂಥ ವಾದ್ಯ ಗೊಗ್ಗರು ದನಿಯಲ್ಲಿ ಗುಡುಗತೊಡಗಿತು. ಇದರಿಂದ ಗಿಟಾರು ಮತ್ತು ಆರ್ಗನ್ನು ಸಮಬಲದ ಇಬ್ಬರು ಜಟ್ಟಿಗಳಾದವು. ಒಂದು ಹಾಡಿನಲ್ಲಿ ಎರಡು ಸೋಲೊ (ಒಂದೇ ವಾದ್ಯ ಮುಂದೆ ನಿಂತು ನುಡಿಯುವ ಭಾಗ), ಒಂದರ ಬೆನ್ನಿಗೆ ಒಂದು. ಬೇರೆ ರಾಕ್ ತಂಡಗಳಲ್ಲಿ ಎರಡನೇ ಗಿಟಾರು ಮಾಡುವ ಕೆಲಸವನ್ನು ಇಲ್ಲಿ ಆರ್ಗನ್ನು ಮಾಡುತ್ತದೆ. ಗ್ಲೋವರನ ಬೇಸ್ ಹೆಚ್ಚು ಕುಣಿಯದೆ ನೆಲ ಹಿಡಿದು ನಿಲ್ಲುತ್ತದೆ, ಮೇಲಿನ ಇಬ್ಬರು ಹಾರಾಡಲು ಅದೇ ಆಧಾರ. ಪೇಯ್ಸ್ ಎಡಗೈಯವನು, ಗಟ್ಟಿ ರಾಕ್ ನುಡಿಸುವಾಗಲೂ ಅವನ ಕೈಯಲ್ಲಿ ಜಾಝ್‌ನ ತೂಗಾಟ ಇರುತ್ತದೆ. ಹಾಗಾಗಿ ಎಷ್ಟೇ ಗದ್ದಲವಾದರೂ ಲಯ ಕಲ್ಲಾಗುವುದಿಲ್ಲ. ಇನ್ನು ಗಿಲನ್. ಮಾತಾಡುವ ದನಿಯಿಂದ ಚೀತ್ಕಾರದವರೆಗೆ ಅವನು ಏರುವುದನ್ನು 'ಚೈಲ್ಡ್ ಇನ್ ಟೈಮ್'ನಲ್ಲಿ ಕೇಳಬೇಕು. ಆ ಹಾಡಿನ ಆರ್ಗನ್ ಎಳೆ ಬಂದದ್ದು ಅಮೆರಿಕದ 'ಇಟ್ಸ್ ಎ ಬ್ಯೂಟಿಫುಲ್ ಡೇ' ತಂಡದ 'ಬಾಂಬೆ ಕಾಲಿಂಗ್' ಎಂಬ ಸ್ವರರಚನೆಯಿಂದ. ಆ ತಂಡದವರೂ ತಿರುಗಿ ಡೀಪ್ ಪರ್ಪಲ್‌ನ ಹಳೆಯ ರಚನೆಯೊಂದನ್ನು ತೆಗೆದುಕೊಂಡರು. ಲೆಕ್ಕ ಚುಕ್ತಾ.

'ಸ್ಮೋಕ್ ಆನ್ ದ ವಾಟರ್' ಇದಕ್ಕೆಲ್ಲ ಪಾಠದಂತಿದೆ. 1971ರ ಡಿಸೆಂಬರಿನಲ್ಲಿ ಇವರು ಸ್ವಿಟ್ಜರ್ಲೆಂಡಿನ ಮಾಂಟ್ರೋ ಊರಿಗೆ ಹೋಗಿದ್ದರು. ರೋಲಿಂಗ್ ಸ್ಟೋನ್ಸ್ ತಂಡದವರ ಸಂಚಾರಿ ಸ್ಟುಡಿಯೊ ಲಾರಿಯನ್ನು ಬಾಡಿಗೆಗೆ ತಂದು, ಅಲ್ಲಿಯ ಕ್ಯಾಸಿನೊ ಕಟ್ಟಡದಲ್ಲಿ ಆಲ್ಬಮ್ ಮಾಡುವ ಯೋಜನೆ. ಡಿಸೆಂಬರ್ 4ರಂದು ಅದೇ ಕ್ಯಾಸಿನೊದಲ್ಲಿ ಅಮೆರಿಕದ ಸಂಗೀತಗಾರ ಫ್ರ್ಯಾಂಕ್ ಝಾಪಾನ ಶೋ ನಡೆಯುತ್ತಿದ್ದಾಗ ಕೇಳಲು ಬಂದವನೊಬ್ಬ ಫ್ಲೇರ್ ಗನ್, ಅಂದರೆ ಉರಿಯುವ ಸಂಕೇತ ಚಿಮ್ಮಿಸುವ ಪಿಸ್ತೂಲು, ಹಾರಿಸಿದ. ಚಾವಣಿಗೆ ಬೆಂಕಿ ಹತ್ತಿ ಕಟ್ಟಡವೇ ಸುಟ್ಟುಹೋಯಿತು. ಜಿನೀವಾ ಸರೋವರದ ನೀರಿನ ಮೇಲೆ ಹೊಗೆ ಹಬ್ಬಿತು. ಹಾಡು ಹೇಳುವುದು ಇದಿಷ್ಟನ್ನೇ, ಊರಿನ ವರದಿಗಾರ ಪತ್ರಿಕೆಗೆ ಬರೆದು ಕಳಿಸಿದಂತೆ. ಜಾಗ ಕಳೆದುಕೊಂಡವರು ಒಂದು ರಂಗಮಂದಿರದಲ್ಲಿ ಶುರುಮಾಡಿದರು, ಗದ್ದಲದ ದೂರಿಗೆ ಪೊಲೀಸರು ಬಂದರು, ಕೊನೆಗೆ ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲಿನ ಓಣಿಯಂಥ ಕಾರಿಡಾರಿನಲ್ಲಿ ಉಳಿದದ್ದನ್ನು ಮುಗಿಸಿದರು. ಅದು 1972ರ 'ಮಶೀನ್ ಹೆಡ್' ಆಲ್ಬಮ್.

ಈಗ ಆ ರಿಫ್. ವಿದ್ಯಾನಗರದ ಹುಡುಗರು ಅದನ್ನು ಸಾಮಾನ್ಯವಾಗಿ ಒಂದೇ ತಂತಿಯ ಮೇಲೆ ನುಡಿಸುತ್ತಾರೆ. ಬ್ಲ್ಯಾಕ್‌ಮೋರ್ ಎರಡು ತಂತಿಗಳನ್ನು ಬೆರಳಿನಿಂದ ಒಟ್ಟಿಗೇ ಮೀಟುತ್ತಾನೆ. ಎರಡು ಸ್ವರಗಳ ನಡುವಿನ ಅಂತರ ಷಡ್ಜ-ಮಧ್ಯಮದ್ದು. ಹಾಗಾಗಿ ಅದಕ್ಕೆ ಆ ಖಾಲಿ, ಒರಟು ಗುಣ. ಮೊದಲು ಗಿಟಾರು ಒಂದೇ ಬರುತ್ತದೆ, ಆಮೇಲೆ ಒಬ್ಬೊಬ್ಬರಾಗಿ ಉಳಿದವರು ಸೇರುತ್ತಾರೆ, ಹಾಡುವವನು ಎಲ್ಲರಿಗಿಂತ ಕೊನೆಗೆ. ಗಾಯಕ ಕೊನೆಗೆ ಬರುವ ಹಾಡನ್ನು 'ಗಾಯಕನ ಹಾಡು' ಅನ್ನುವುದು ಹೇಗೆ?

ಯಶಸ್ಸಿನ ಬೆನ್ನಿಗೇ ಬಿರುಕು

1972ರ ಆಗಸ್ಟಿನಲ್ಲಿ ಒಸಾಕಾ ಮತ್ತು ಟೋಕಿಯೊದಲ್ಲಿ ನುಡಿಸಿದ್ದು 'ಮೇಡ್ ಇನ್ ಜಪಾನ್' ಆಗಿ ಹೊರಬಂತು. ವೇದಿಕೆಯ ಮೇಲಿನ ರೆಕಾರ್ಡಿಂಗ್‌ಗಳಲ್ಲಿ ಇವತ್ತಿಗೂ ಅದನ್ನು ಮೊದಲ ಸಾಲಿನಲ್ಲಿ ಇಡುತ್ತಾರೆ, ನಾನೂ ಇಡುತ್ತೇನೆ. ಆದರೆ ಅಷ್ಟೊತ್ತಿಗೆ ಐವರೂ ದಣಿದಿದ್ದರು. ಒಂದರ ಮೇಲೊಂದು ಆಲ್ಬಮ್, ಒಂದರ ಮೇಲೊಂದು ಪ್ರವಾಸ, ನಡುವೆ ಕಾಯಿಲೆ. ಮ್ಯಾನೇಜರುಗಳು ಮೂರು ತಿಂಗಳು ಎಲ್ಲರನ್ನೂ ಮನೆಗೆ ಕಳಿಸಿದ್ದರೆ ಕತೆ ಬೇರೆಯಾಗುತ್ತಿತ್ತು ಅನ್ನುವವರಿದ್ದಾರೆ. ಕಳಿಸಲಿಲ್ಲ, ಕುದುರೆ ಓಡುವಾಗ ಲಗಾಮು ಎಳೆಯಲು ಯಾರಿಗೂ ಮನಸ್ಸು ಬರಲಿಲ್ಲ. ಗಿಲನ್ ಮತ್ತು ಬ್ಲ್ಯಾಕ್‌ಮೋರ್ ಮಾತು ಬಿಟ್ಟರು. 1972ರ ಡಿಸೆಂಬರಿನಲ್ಲಿ ಗಿಲನ್ ರಾಜೀನಾಮೆ ಪತ್ರ ಕೊಟ್ಟ, ಒಪ್ಪಿಕೊಂಡ ಶೋಗಳನ್ನೆಲ್ಲ ಮುಗಿಸಿ 1973ರ ಜೂನಿನಲ್ಲಿ ಹೊರಬಿದ್ದ. ಬ್ಲ್ಯಾಕ್‌ಮೋರನಿಗೆ ಹೊಸ ಬೇಸ್ ವಾದಕನೂ ಬೇಕಾಗಿತ್ತು. ಗ್ಲೋವರ್ ತಾನೂ ಎದ್ದ. ಹಾಡು ಮಾತ್ರ ಅವರಿಲ್ಲದೆಯೇ ಬೆಳೆಯುತ್ತಿತ್ತು: 'ಸ್ಮೋಕ್ ಆನ್ ದ ವಾಟರ್' ಅಮೆರಿಕದಲ್ಲಿ 4ನೇ ಸ್ಥಾನ ಮುಟ್ಟಿದ ಹೊತ್ತಿಗೆ ಅದನ್ನು ಹಾಡಿದವನು ಬ್ಯಾಂಡಿನಲ್ಲಿ ಇರಲಿಲ್ಲ.

ಹೊಸ ಗಾಯಕನನ್ನು ಹುಡುಕಿದಾಗ ಸಿಕ್ಕವನು ಇಂಗ್ಲೆಂಡಿನ ಈಶಾನ್ಯದ ರೆಡ್ಕಾರ್ ಊರಿನ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ಡೇವಿಡ್ ಕವರ್‌ಡೇಲ್. ಜಗತ್ತಿಗೆ ಹೆಸರೇ ಗೊತ್ತಿಲ್ಲದ ಹುಡುಗ. ಬೇಸ್ ಗಿಟಾರಿಗೆ 'ಟ್ರಪೀಝ್' ತಂಡದ ಗ್ಲೆನ್ ಹ್ಯೂಸ್. ಅವನೂ ಅದ್ಭುತ ಗಾಯಕ. ಈಗ ಲೆಕ್ಕ ನೋಡಿ: ಒಬ್ಬ ಹಾಡುವವನ ಜಾಗಕ್ಕೆ ಇಬ್ಬರು ಬಂದರು, ನೆಲ ಹಿಡಿದು ನಿಲ್ಲುವ ಬೇಸಿನ ಜಾಗಕ್ಕೆ ಕುಣಿಯುವ ಬೇಸ್ ಬಂತು. ಉಳಿದ ಮೂವರು ಅವರೇ, ಆದರೂ ನಾದ ಬೇರೆ. 1974ರ 'ಬರ್ನ್' ಆಲ್ಬಮ್ಮಿನಲ್ಲಿ ಹಳೆಯ ಗುಡುಗು ಇದೆ, ಜೊತೆಗೆ ಬ್ಲೂಸ್ ಮತ್ತು ಸೋಲ್ ಸಂಗೀತದ ಬೆವರೂ ಇದೆ. ಅದೇ ವರ್ಷದ ಕೊನೆಯ 'ಸ್ಟಾರ್ಮ್‌ಬ್ರಿಂಗರ್'ನಲ್ಲಿ ಫಂಕ್, ಅಂದರೆ ಕುಣಿಸುವ ಲಯದ ಸಂಗೀತ, ಇನ್ನೂ ಹೆಚ್ಚಾಯಿತು. ಆರು ವರ್ಷದ ಹಿಂದೆ ಜೋರು ಬೇಕೆಂದು ಹಟ ಹಿಡಿದಿದ್ದ ಬ್ಲ್ಯಾಕ್‌ಮೋರನಿಗೆ ಈಗ ತನ್ನ ಮನೆಯಲ್ಲೇ ಪರಕೀಯನಾದ ಅನುಭವ. 1975ರ ಏಪ್ರಿಲಿನಲ್ಲಿ ಹೊರಟುಹೋಗಿ 'ರೇನ್‌ಬೋ' ಕಟ್ಟಿದ. ಈ ಮಾರ್ಕ್ 3 ತಂಡವನ್ನು ನಡುವಿನ ನಿಲ್ದಾಣದಂತೆ ನೋಡುವವರೇ ಹೆಚ್ಚು. 'ಬರ್ನ್' ಕೇಳಿದ ಮೇಲೂ ಹಾಗನ್ನುವವರ ಜೊತೆ ನನಗೆ ವಾದವಿಲ್ಲ, ಮತ್ತೊಮ್ಮೆ ಕೇಳಿ ಅನ್ನುತ್ತೇನೆ.

ಬ್ಲ್ಯಾಕ್‌ಮೋರನ ಕುರ್ಚಿಗೆ ಬಂದವನು ಅಮೆರಿಕದ ಟಾಮಿ ಬೋಲಿನ್. ಜಾಝ್ ಡ್ರಮ್ಮರ್ ಬಿಲ್ಲಿ ಕೊಬ್ಯಾಮನ 'ಸ್ಪೆಕ್ಟ್ರಮ್' ಆಲ್ಬಮ್ಮಿನಲ್ಲಿ ನುಡಿಸಿ ಹೆಸರು ಮಾಡಿದ್ದವನು. ಇವನೊಡನೆ ಬಂದದ್ದು ಒಂದೇ ಆಲ್ಬಮ್, 1975ರ 'ಕಮ್ ಟೇಸ್ಟ್ ದ ಬ್ಯಾಂಡ್'. ಒಳ್ಳೆಯ ಆಲ್ಬಮ್ ಅದು. ಬೇರೆ ಹೆಸರಿನಲ್ಲಿ ಬಂದಿದ್ದರೆ ಜನ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದರೇನೋ. ವೇದಿಕೆಯ ಮೇಲೆ ಮಾತ್ರ ಸೋಲು. ಜನ ಬ್ಲ್ಯಾಕ್‌ಮೋರನ ಹೆಸರು ಕೂಗುತ್ತಿದ್ದರು, ಬೋಲಿನ್ ಮತ್ತು ಹ್ಯೂಸ್ ಮಾದಕವಸ್ತುಗಳ ಸುಳಿಯಲ್ಲಿ ಸಿಕ್ಕಿದ್ದರು. 1976ರ ಮಾರ್ಚ್ 15ರಂದು ಲಿವರ್‌ಪೂಲಿನಲ್ಲಿ ಕೊನೆಯ ಶೋ. ಅದೇ ವರ್ಷದ ಡಿಸೆಂಬರಿನಲ್ಲಿ ಬೋಲಿನ್ ತೀರಿಕೊಂಡ, 25ರ ವಯಸ್ಸಿನಲ್ಲಿ.

ಹೆಸರು ಯಾರ ಸೊತ್ತು?

ಬ್ಯಾಂಡ್ ಇಲ್ಲ, ಹಾಡುಗಳು ರೇಡಿಯೊದಲ್ಲಿ ಬರುತ್ತಲೇ ಇವೆ. ಇಂಥ ಖಾಲಿ ಮನೆಗೆ 1980ರಲ್ಲಿ ಒಬ್ಬ ಬಾಡಿಗೆದಾರ ಬಂದ, ನಮ್ಮ ಹಳೆಯ ರಾಡ್ ಇವಾನ್ಸ್. ಡೀಪ್ ಪರ್ಪಲ್‌ಗೆ ಸಂಬಂಧವೇ ಇಲ್ಲದ ನಾಲ್ವರನ್ನು ಕೂಡಿಸಿಕೊಂಡು ಅದೇ ಹೆಸರಿನಲ್ಲಿ ಮೆಕ್ಸಿಕೊ, ಅಮೆರಿಕಗಳಲ್ಲಿ ಶೋ ಕೊಟ್ಟ. ಟಿಕೆಟ್ ಕೊಂಡು ಬಂದವರು ನಿರೀಕ್ಷಿಸಿದ ಮುಖಗಳು ಕಾಣದೆ ರೊಚ್ಚಿಗೆದ್ದರು. ಬ್ಯಾಂಡಿನ ವ್ಯವಹಾರ ನೋಡುತ್ತಿದ್ದ ಕಂಪನಿ ದಾವೆ ಹೂಡಿತು. ಲಾಸ್ ಏಂಜಲೀಸ್ ನ್ಯಾಯಾಲಯ ಅದೇ ಅಕ್ಟೋಬರಿನಲ್ಲಿ 6,72,000 ಡಾಲರ್ ಪರಿಹಾರ ಕೊಡಲು ಆದೇಶಿಸಿತು. ತಾನೇ ಹಾಡಿದ 'ಹಷ್' ಕಾಲದ ಆಲ್ಬಮ್‌ಗಳ ರಾಯಲ್ಟಿಯನ್ನೂ ಇವಾನ್ಸ್ ಕಳೆದುಕೊಂಡ.

ಇವಾನ್ಸ್ ಪೂರ್ತಿ ಹೊರಗಿನವನಲ್ಲ ಅನ್ನುವುದೇ ಇಲ್ಲಿಯ ತೊಡಕು. ಮೊದಲ ಮೂರು ಆಲ್ಬಮ್‌ಗಳ ದನಿ ಅವನದೇ. ನಮ್ಮ ಘರಾಣೆಗಳ ಲೆಕ್ಕದಲ್ಲಿ ನೋಡಿದರೆ ಅವನ ಹಕ್ಕು ತೆಗೆದುಹಾಕಲು ಬರುವುದಿಲ್ಲ. ಸವಾಯಿ ಗಂಧರ್ವರ ಬಳಿ ಕಲಿತ ಗಂಗೂಬಾಯಿ ಹಾನಗಲ್ಲರದು ಒಂದು ದನಿ, ಭೀಮಸೇನರದು ಇನ್ನೊಂದು. ಇಬ್ಬರೂ ಒಂದೇ ಕಾಲಕ್ಕೆ ಕಿರಾನಾ ಘರಾಣೆಯವರು. ಹುಬ್ಬಳ್ಳಿಯಲ್ಲಿ ಒಬ್ಬರು, ಪುಣೆಯಲ್ಲಿ ಒಬ್ಬರು ಹಾಡಿದರೆ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಘರಾಣೆ ಹಂಚಿದಷ್ಟೂ ಬೆಳೆಯುತ್ತದೆ. ಬ್ಯಾಂಡಿನ ಹೆಸರು ಹಾಗಲ್ಲ, ಅದು ವ್ಯಾಪಾರದ ಗುರುತು. ಒಂದು ಹೊತ್ತಿಗೆ ಒಂದೇ ಕಡೆ ಇರಬಲ್ಲದು. ಯಾರು ಹಾಡಿದ್ದರು ಅನ್ನುವುದನ್ನಲ್ಲ, ಹೆಸರು ಬಳಸುವ ಅಧಿಕಾರ ಈಗ ಯಾರ ಕೈಯಲ್ಲಿದೆ, ಟಿಕೆಟ್ ಕೊಂಡವನಿಗೆ ಮೋಸವಾಯಿತೇ ಅನ್ನುವುದನ್ನು ಕಾನೂನು ಕೇಳುತ್ತದೆ.

ಹಾಡಿನ ಹಕ್ಕು ಮತ್ತೊಂದು ಲೆಕ್ಕ. ಮಾರ್ಕ್ 2 ಕಾಲದ ಹಾಡುಗಳಿಗೆ ಐವರ ಹೆಸರನ್ನೂ ಸಮನಾಗಿ ಹಾಕುವುದು ಇವರ ಕರಾರು. ರಿಫ್ ಯಾರದೇ ಇರಲಿ, ಡ್ರಮ್ಸಿನವನಿಗೂ ಪಾಲು. ಹಾಗಾಗಿ ಗಿಲನ್ ಮತ್ತು ಗ್ಲೋವರ್ ಎದ್ದುಹೋದ ಮೇಲೂ, ಕವರ್‌ಡೇಲ್ ವೇದಿಕೆಯ ಮೇಲೆ 'ಸ್ಮೋಕ್ ಆನ್ ದ ವಾಟರ್' ಹಾಡಿದಾಗಲೂ, ರಚನೆಯ ಪಾಲು ಹೋದವರಿಗೆ ಸಲ್ಲಬೇಕು. ಇದಕ್ಕೆ ತಿರುಗಿದ ಉದಾಹರಣೆ ಗ್ಲೆನ್ ಹ್ಯೂಸ್: 'ಬರ್ನ್' ಆಲ್ಬಮ್ಮಿನ ಉದ್ದಕ್ಕೂ ಹಾಡಿ ನುಡಿಸಿದರೂ ಹಳೆಯ ಒಪ್ಪಂದದ ತೊಡಕಿನಿಂದ ರಚನಕಾರರ ಸಾಲಿನಲ್ಲಿ ಅವನ ಹೆಸರು ಬರಲಿಲ್ಲ. ಹಾಗೆ ನೋಡಿದರೆ ಒಂದು ಬ್ಯಾಂಡು ಕಾಗದದ ಮೇಲೆ ಬೇರೆ ಬೇರೆ ಸೊತ್ತುಗಳ ಕಟ್ಟು. ಹೆಸರು ಒಬ್ಬರ ಕೈಯಲ್ಲಿ, ಹಾಡಿನ ರಚನೆ ಮತ್ತೊಬ್ಬರ ಕೈಯಲ್ಲಿ, ರೆಕಾರ್ಡಿಂಗ್ ಕಂಪನಿಯ ಕೈಯಲ್ಲಿ. ವೇದಿಕೆಯ ಮೇಲೆ ಕಾಣುವ ಐವರಿಗೂ ಇವಕ್ಕೂ ತಾಳೆಯಾಗಲೇಬೇಕೆಂದಿಲ್ಲ.

ಮತ್ತೆ ಕೂಡಿದರು, ಮತ್ತೆ ಮುರಿದರು

ನಡುವಿನ ಎಂಟು ವರ್ಷ ಈ ಮಂದಿ ದೂರ ಹೋಗಿರಲಿಲ್ಲ. ಕವರ್‌ಡೇಲ್ ಕಟ್ಟಿದ 'ವೈಟ್‌ಸ್ನೇಕ್'ಗೆ ಮೊದಲು ಲಾರ್ಡ್, ಆಮೇಲೆ ಪೇಯ್ಸ್ ಹೋದರು. ಬ್ಲ್ಯಾಕ್‌ಮೋರನಿಗೆ ಬೇಡವಾಗಿದ್ದ ಗ್ಲೋವರ್ ಅದೇ ಬ್ಲ್ಯಾಕ್‌ಮೋರನ ರೇನ್‌ಬೋದಲ್ಲಿ ಬೇಸ್ ನುಡಿಸಿದ. ಗಿಲನ್ ಒಂದು ವರ್ಷ 'ಬ್ಲ್ಯಾಕ್ ಸಬತ್' ತಂಡದಲ್ಲಿ ಹಾಡಿ ಬಂದ. 1984ರಲ್ಲಿ ಮಾರ್ಕ್ 2ರ ಐವರೂ ಮತ್ತೆ ಕೂಡಿ 'ಪರ್ಫೆಕ್ಟ್ ಸ್ಟ್ರೇಂಜರ್ಸ್' ಮಾಡಿದರು. ಮತ್ತೆ ಕೂಡಿದ ತಂಡಗಳ ಆಲ್ಬಮ್‌ಗಳು ಸಾಮಾನ್ಯವಾಗಿ ಹಳಸಲು, ಇದು ಹಾಗಲ್ಲ.

ಹಳೆಯ ಐವರ ಜೊತೆ ಹಳೆಯ ಜಗಳವೂ ಮರಳಿತ್ತು. 1989ರಲ್ಲಿ ಗಿಲನ್‌ನನ್ನು ತೆಗೆದರು. ರೇನ್‌ಬೋದಲ್ಲಿ ಹಾಡಿದ್ದ ಜೋ ಲಿನ್ ಟರ್ನರ್ ಬಂದ, ಒಂದು ಆಲ್ಬಮ್ ಮಾಡಿದ. ಕೇಳಿದರೆ ರೇನ್‌ಬೋ ಅನ್ನಿಸುತ್ತದೆ, ಹೆಚ್ಚು ಹೇಳುವುದಿಲ್ಲ. ಬ್ಯಾಂಡಿನ 25ನೇ ವರ್ಷದ ಹೊತ್ತಿಗೆ ಗಿಲನ್ ಮರಳಿದ. 1993ರ ನವೆಂಬರ್ 17ರಂದು ಹೆಲ್ಸಿಂಕಿಯ ಶೋ ಮುಗಿಸಿ ಬ್ಲ್ಯಾಕ್‌ಮೋರ್ ಕಾಯಮ್ಮಾಗಿ ಹೊರಟುಹೋದ. ಜಪಾನಿನ ಟಿಕೆಟ್‌ಗಳು ಮಾರಾಟವಾಗಿದ್ದವು. ಜೋ ಸಟ್ರಿಯಾನಿ ಬಂದು ಆ ಪ್ರವಾಸವನ್ನೂ ಮುಂದಿನ ಯುರೋಪ್ ಪ್ರವಾಸವನ್ನೂ ಪಾರುಮಾಡಿದ.

1994ರಲ್ಲಿ ಬಂದ ಸ್ಟೀವ್ ಮೋರ್ಸ್ 2022ರವರೆಗೆ, 28 ವರ್ಷ ಇದ್ದ. ಬ್ಲ್ಯಾಕ್‌ಮೋರನ ಎರಡೂ ಅವಧಿ ಕೂಡಿಸಿದರೂ 17 ವರ್ಷ ದಾಟುವುದಿಲ್ಲ. 2001ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ್ದು ಈ ಮೋರ್ಸ್ ಇದ್ದ ತಂಡವೇ. ಆದರೂ ಅವನನ್ನು ಕೊನೆಯವರೆಗೂ 'ಹೊಸ ಗಿಟಾರಿಸ್ಟ್' ಅಂದವರಿದ್ದಾರೆ. ಈ ಅನ್ಯಾಯದಲ್ಲಿ ಒಂದು ಸತ್ಯವಿದೆ. ಜನರ ಕಿವಿಯಲ್ಲಿ ಬ್ಯಾಂಡು ನೆಲೆನಿಲ್ಲುವುದು ವರ್ಷದ ಲೆಕ್ಕದಲ್ಲಲ್ಲ, ಆ ಮೊದಲ ರಿಫ್ ಯಾರ ಬೆರಳಿನಿಂದ ಬಂತು ಅನ್ನುವುದರಲ್ಲಿ. ಮೋರ್ಸ್ ಅದನ್ನು ಅರಿತೇ ನುಡಿಸಿದ. ಹಳೆಯ ರಿಫ್‌ಗಳನ್ನು ಹಾಗೆಯೇ ಇಟ್ಟು, ಸೋಲೊಗಳಲ್ಲಿ ಮಾತ್ರ ತನ್ನ ದಾರಿ ಹಿಡಿದ.

ಜಾನ್ ಲಾರ್ಡ್ 2002ರಲ್ಲಿ ನಿವೃತ್ತನಾದ. ಜಗಳವಿಲ್ಲದ ನಿರ್ಗಮನ ಇದು. ಅವನ ಮೊಣಕಾಲಿಗೆ ಪೆಟ್ಟಾದಾಗ ಬದಲಿಗೆ ಕೂತಿದ್ದ ಡಾನ್ ಏರಿಯೇ ಮುಂದೆ ಆ ಜಾಗಕ್ಕೆ ಬಂದ; ಅವನೂ ಹಿಂದೆ ರೇನ್‌ಬೋದಲ್ಲಿದ್ದವನು. ಲಾರ್ಡ್ 2012ರ ಜುಲೈ 16ರಂದು ತೀರಿಕೊಂಡ. ಹೆಂಡತಿಯ ಕಾಯಿಲೆಯ ಕಾರಣಕ್ಕೆ ಮೋರ್ಸ್ 2022ರಲ್ಲಿ ಬಿಟ್ಟ. ಏರಿಯ ಜೊತೆ ಮೊದಲೇ ನುಡಿಸುತ್ತಿದ್ದ, ಬೆಲ್‌ಫಾಸ್ಟ್ ಊರಿನ ಸೈಮನ್ ಮೆಕ್‌ಬ್ರೈಡ್ ಬಂದ. ಈಚೆಗೆ ಈ ಬ್ಯಾಂಡಿಗೆ ಅಪರಿಚಿತರು ಬರುವುದು ಅಪರೂಪ ಅನ್ನುವುದನ್ನು ಗಮನಿಸಿ. ಒಂದೇ ಬಳಗದೊಳಗೆ ಕುರ್ಚಿಗಳು ತಿರುಗುತ್ತವೆ, ಹಳೆಯ ಹಾಡುಗಳನ್ನು ಕೇಳಿಯೇ ಬೆಳೆದ ಕಿವಿಗಳು ಬರುತ್ತವೆ.

2016ರಲ್ಲಿ ಅಮೆರಿಕದ ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್ ಇವರನ್ನು ಸೇರಿಸಿಕೊಂಡಾಗ 'ಖರೇ ಡೀಪ್ ಪರ್ಪಲ್ ಯಾವುದು' ಪ್ರಶ್ನೆ ಮತ್ತೆ ಎದ್ದಿತು. ಗೌರವ ಸಿಕ್ಕದ್ದು ಎಂಟು ಮಂದಿಗೆ: ಬ್ಲ್ಯಾಕ್‌ಮೋರ್, ಲಾರ್ಡ್, ಪೇಯ್ಸ್, ಗಿಲನ್, ಗ್ಲೋವರ್, ಇವಾನ್ಸ್, ಕವರ್‌ಡೇಲ್, ಹ್ಯೂಸ್. ನ್ಯಾಯಾಲಯ ಹೊರಗಟ್ಟಿದ ಇವಾನ್ಸ್ ಒಳಗೆ, ಅವನ ಜೊತೆಗೇ ಶುರುಮಾಡಿದ ಸಿಂಪರ್ ಹೊರಗೆ. ಬೋಲಿನ್ ಹೊರಗೆ. ಆಗಲೇ 20 ವರ್ಷ ದಾಟಿದ್ದ ಮೋರ್ಸ್ ಕೂಡ ಹೊರಗೆ. ಬ್ಲ್ಯಾಕ್‌ಮೋರ್ ಸಮಾರಂಭಕ್ಕೆ ಬರಲಿಲ್ಲ.

ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇದು. ಕೋರ್ಟು ಕೇಳಿದರೆ, ಹೆಸರಿನ ಅಧಿಕಾರ ಇರುವ ತಂಡವೇ ಖರೇ. ಹಾಡುಗಳ ಪಟ್ಟಿ ಕೇಳಿದರೆ ಉತ್ತರ ಬೇರೆ: ಗಿಲನ್ 'ಹಷ್' ಹಾಡುತ್ತಾನೆ, 1988ರಲ್ಲಿ ಅದನ್ನು ತನ್ನ ದನಿಯಲ್ಲಿ ರೆಕಾರ್ಡ್ ಕೂಡ ಮಾಡಿದ, ಅಂದರೆ ಇವಾನ್ಸನ ಹಾಡಿಗೆ ಮನೆಯಲ್ಲಿ ಜಾಗವಿದೆ. ಕವರ್‌ಡೇಲ್ ಕಾಲದ 'ಬರ್ನ್' ಅವನ ಬಾಯಲ್ಲಿ ಕೇಳಸಿಗುವುದಿಲ್ಲ. ಟರ್ನರ್ ಇದ್ದಾಗ ಮಾತ್ರ ಅದು ವೇದಿಕೆಗೆ ಮರಳಿತ್ತು. ಹಾಡುವವನು ಬದಲಾದಾಗ ಬ್ಯಾಂಡಿನ ನೆನಪಿನಿಂದಲೇ ಕೆಲವು ವರ್ಷಗಳು ಕಾಣೆಯಾಗುತ್ತವೆ. ಗಿಟಾರಿನವನು ಬದಲಾದರೆ ಹಾಡು ಉಳಿದು, ಅದರ ಸ್ವಭಾವ ಬೇರೆಯಾಗುತ್ತದೆ.

ಕಿವಿಗೇ ತಿಳಿಯಬೇಕಾದರೆ ಮೂರು ಹಾಡು ಸಾಕು. 1968ರ 'ಹಷ್', 1974ರ 'ಬರ್ನ್', ಆಮೇಲೆ ಮೆಕ್‌ಬ್ರೈಡ್ ಬಂದ ಮೇಲೆ 2024ರಲ್ಲಿ ಹೊರಬಂದ 23ನೇ ಆಲ್ಬಮ್ಮಿನ ಯಾವುದಾದರೂ ಒಂದು. ಮೂರರಲ್ಲೂ ಹಾಡುವವರು ಬೇರೆ, ಬೇಸ್ ಬೇರೆ. ಗಿಟಾರು ಮತ್ತು ಆರ್ಗನ್ನು ಮೊದಲೆರಡರಲ್ಲಿ ಒಬ್ಬರವೇ, ಮೂರನೆಯದರಲ್ಲಿ ಬೇರೆ. ಅವರನ್ನೆಲ್ಲ ಬಿಟ್ಟು ಡ್ರಮ್ಸಿನ ಮೇಲೆ ಕಿವಿಯಿಟ್ಟು ಕೇಳಿ. 'ಬರ್ನ್'ನಲ್ಲಂತೂ ಹಾಡಿನ ಸಾಲುಗಳ ನಡುವೆ ಮಾತ್ರವಲ್ಲ, ಸಾಲುಗಳ ಕೆಳಗೂ ಪೇಯ್ಸ್ ಬಿಡುವಿಲ್ಲದೆ ಉರುಳಿಸುತ್ತಾನೆ. ನಮ್ಮ ಬೈಠಕಿನಲ್ಲಿ ತಬಲಾದವನು ಖಯಾಲಿನ ನಡುವೆ ಹೀಗೆ ಮಾಡಿದರೆ ಹಾಡುವವರು ಹಿಂದಿರುಗಿ ಒಮ್ಮೆ ನೋಡುತ್ತಿದ್ದರು. ಅಲ್ಲಿ ಯಾರೂ ನೋಡುವುದಿಲ್ಲ.